ರೇವತಿಯ ಸ್ಕ್ಯಾನ್ ಹಿಡಿದು ಉಟ್ರೆಕ್ಟ್‌ಗೆ

ಕೆ.ಆರ್. ಪುರ

ಪರದೇಶಕ್ಕೆ ಹೋಗಿ ಬಂದವರು ಮೊದಲು ಹೇಳುವುದು ಅಲ್ಲಿನ ರಸ್ತೆ ಎಷ್ಟು ನುಣುಪಾಗಿದೆ ಅನ್ನುವುದನ್ನು. ನನಗೆ ಆ ಉಸಾಬರಿ ಬೇಡ. ಹನ್ನೆರಡು ದಿನ ನೆದರ್‌ಲ್ಯಾಂಡ್ಸ್‌ನಲ್ಲಿ ಇದ್ದು ಬಂದೆ, ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಅಂತ ಕೇಳಿದರೆ ಪಟ್ಟಿ ಉದ್ದವಿದೆ, ಅದರಲ್ಲಿ ನನ್ನ ಹೆಸರೂ ಇದೆ. ಸಮಾಧಾನ ಮಾಡಿಕೊಂಡು ಬರೆಯೋಣ ಅಂತ ಒಂದು ತಿಂಗಳು ಕಾದೆ. ಆಗಲಿಲ್ಲ, ಹೀಗೇ ಬರೆಯುತ್ತಿದ್ದೇನೆ.

ನಾನು ಹಲಸೂರಿನ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ಎಂ.ಆರ್.ಐ. ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದ ಸರ್ವಿಸ್. ರೋಗಿಯನ್ನು ಮಲಗಿಸಿ, ಮಿಷನ್ನಿನೊಳಗೆ ಕಳಿಸಿ ಚಿತ್ರ ತೆಗೆಯುವವಳು ನಾನು. ಚಿತ್ರ ನೋಡಿ ರಿಪೋರ್ಟ್ ಬರೆಯುವವರು ಡಾಕ್ಟರು. ನಮ್ಮಲ್ಲಿ ಆ ಡಾಕ್ಟರೇ ಸೆಂಟರ್‌ನ ಯಜಮಾನರು ಕೂಡ. ಹೊಟ್ಟೆ, ಸೊಂಟದೊಳಗಿನ ಕಾಯಿಲೆಗಳನ್ನು ಹೊಸ ಬಗೆಯ ಚಿತ್ರಗಳಿಂದ ಕಂಡುಹಿಡಿಯುವ ಸಂಶೋಧನೆಯೊಂದು ಉಟ್ರೆಕ್ಟ್ ಎಂಬ ಊರಿನ ಆಸ್ಪತ್ರೆಯಲ್ಲಿ ನಡೆಯುತ್ತಿದೆ. ಬೇರೆ ದೇಶದವರೂ ಅದೇ ವಿಧಾನದಲ್ಲಿ ಚಿತ್ರ ತೆಗೆದು ಕಳಿಸಲಿ ಅಂತ ಒಂದೊಂದು ಕಡೆಯಿಂದ ಒಬ್ಬೊಬ್ಬರನ್ನು ಕರೆಸಿ ಕಲಿಸುತ್ತಾರೆ. ನಮ್ಮ ಡಾಕ್ಟರು ತಾವೇ ಹೋಗಲು ಸೂಟು ಹೊಲಿಸಿದ್ದರು. ಚಿತ್ರ ತೆಗೆಯುವ ಕೈಯನ್ನೇ ಕಳಿಸಿ ಅಂತ ಅಲ್ಲಿಂದ ಕಾಗದ ಬಂತು. ಸೂಟು ಬೀರುವಿಗೆ ಹೋಯಿತು, ನನ್ನ ಪಾಸ್‌ಪೋರ್ಟು ಹೊರಗೆ ಬಂತು.

ಹೊರಡುವ ಹಿಂದಿನ ದಿನ ಸೂಟ್‌ಕೇಸಿಗೆ ಚಟ್ನಿಪುಡಿ ತುಂಬುತ್ತಿದ್ದಾಗ ರೇವತಿ ಬಂದು ನಿಂತಳು. ರೇವತಿ ನನ್ನ ನಾದಿನಿ, ನನ್ನ ಗಂಡನ ತಂಗಿ. ಮೂವತ್ತಮೂರು ವರ್ಷ, ಮದುವೆಯಾಗಿಲ್ಲ, ಇಂದಿರಾನಗರದಲ್ಲಿ ಇನ್ಶೂರೆನ್ಸ್ ಆಫೀಸಿನ ಕೆಲಸ. ನಮ್ಮ ಜೊತೆಯಲ್ಲೇ ಇರುತ್ತಾಳೆ. ಹನ್ನೆರಡು ವರ್ಷದಿಂದ ತಿಂಗಳ ಆ ನಾಲ್ಕು ದಿನ ಅವಳು ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುತ್ತಾಳೆ. ಈಚೆಗೆ ಉಳಿದ ದಿನಗಳಲ್ಲೂ ಬೆನ್ನು ಹಿಡಿದುಕೊಂಡೇ ಓಡಾಡುತ್ತಿದ್ದಳು. ನಮ್ಮ ಸೆಂಟರ್‌ನಲ್ಲಿ ನಾಲ್ಕು ಸಲ ಸ್ಕ್ಯಾನ್ ಆಗಿತ್ತು. ಕೊನೆಯದು ಎಂ.ಆರ್.ಐ., ತೆಗೆದವಳು ನಾನೇ. ನಾಲ್ಕೂ ರಿಪೋರ್ಟ್‌ನಲ್ಲಿ ಒಂದೇ ಮಾತು, ನಾರ್ಮಲ್.

ಅವಳು ಒಂದು ಪೆನ್‌ಡ್ರೈವ್ ಚಾಚಿದಳು.

"ಅತ್ತಿಗೆ, ಇದ್ರಲ್ಲಿ ನನ್ ಸ್ಕ್ಯಾನ್ ಇದೆ. ಅಲ್ಲಿ ಯಾರಿಗಾದ್ರೂ ತೋರ್ಸಿ."

"ನಾರ್ಮಲ್ ಸ್ಕ್ಯಾನ್ ಹಿಡ್ಕೊಂಡು ಹೋಗಿ ಏನಂತ ತೋರಿಸ್ಲೇ?"

"ಅವ್ರೂ ನಾರ್ಮಲ್ ಅಂದ್ರೆ ಮುಗೀತು. ಇನ್ಮೇಲೆ ನೋವು ಅಂತ ನಿಮ್ಮ ಹತ್ರ ಬಾಯಿ ಬಿಡಲ್ಲ."

ಇಸಿದುಕೊಂಡೆ. ತೋರಿಸುವ ಮನಸ್ಸು ಇರಲಿಲ್ಲ. ನಾನು ತೆಗೆದ ಚಿತ್ರವನ್ನು ಇನ್ನೊಬ್ಬರ ಮುಂದೆ ಇಟ್ಟು ತಪ್ಪು ಹುಡುಕಿ ಅನ್ನುವುದು ಯಾವ ಮರ್ಯಾದೆ ಅನ್ನಿಸಿತ್ತು. ಈಗ ಅದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆಮರ್ಸ್‌ಫೋರ್ಟ್: ಇಳಿದ ದಿನ

ಉಟ್ರೆಕ್ಟ್‌ನಲ್ಲಿ ಕೋಣೆ ಸಿಗದೆ, ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿಯ ಆಮರ್ಸ್‌ಫೋರ್ಟ್‌ನಲ್ಲಿ ಒಬ್ಬರ ಮನೆಯಲ್ಲಿ ನನ್ನನ್ನು ಇಳಿಸಿದ್ದರು. ಮನೆಯ ಮೆಟ್ಟಿಲು ನೋಡಿಯೇ ಎದೆ ಧಸಕ್ ಎಂದಿತು. ನಮ್ಮಲ್ಲಿ ಅಟ್ಟಕ್ಕೆ ಏಣಿ ಇಡುತ್ತೇವಲ್ಲ, ಅಷ್ಟು ಕಡಿದು, ಅಷ್ಟು ಕಿರಿದು. ಸೂಟ್‌ಕೇಸನ್ನು ಎರಡು ಮೆಟ್ಟಿಲು ಹತ್ತಿಸಿದರೆ ಅದು ನನ್ನನ್ನು ಒಂದು ಮೆಟ್ಟಿಲು ಇಳಿಸುತ್ತಿತ್ತು. ಮನೆಯಾಕೆ ಮೇಲೆ ನಿಂತು "ಚೆನ್ನಾಗಿ ಹತ್ತುತ್ತಿದ್ದೀರಿ" ಎಂದು ಇಂಗ್ಲಿಷಿನಲ್ಲಿ ಹುರಿದುಂಬಿಸಿದರು. ಒಂದು ಕೈ ಹಿಡಿಯಲಿಲ್ಲ ಪುಣ್ಯಾತ್ಗಿತ್ತಿ.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಎಂಟು ಅಂಗಡಿ ತಿರುಗಿ ಕೊಂಡ ಜರ್ಕಿನ್, ಅಲ್ಲಿನ ಅಕ್ಟೋಬರ್ ಗಾಳಿಗೆ ಬನಿಯನ್ ಇದ್ದ ಹಾಗಿತ್ತು. "ಸ್ವಿಟ್ಜರ್‌ಲ್ಯಾಂಡ್ ಐಟಂ ಮೇಡಂ, ಸ್ನೋಗೇ ಹಾಕ್ಕೋಬೋದು" ಅಂದಿದ್ದ ಅಂಗಡಿಯವನನ್ನು ಹನ್ನೆರಡು ದಿನವೂ ಬೈದೆ.

ಆ ಊರಿನಲ್ಲಿ ಕಿಟಕಿಗೆ ಪರದೆ ಎಳೆಯುವುದಿಲ್ಲ. ರಸ್ತೆಯಲ್ಲಿ ನಡೆದರೆ ಎಲ್ಲರ ಊಟ, ಎಲ್ಲರ ಟೀವಿ, ಮಂಚದ ಮೇಲೆ ಕಾಲು ಚಾಚಿದ ಅಜ್ಜ, ಎಲ್ಲ ಕಾಣುತ್ತದೆ. ನೋಡುವ ನನಗೇ ನಾಚಿಕೆ, ಅವರಿಗೆ ಇಲ್ಲ. ಮನೆಯಾಕೆಯ ಕಕ್ಕಸಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ರಾಹುಕಾಲ, ಗುಳಿಕಕಾಲ ಹುಡುಕಿದೆ. ಅದರಲ್ಲಿ ಇದ್ದದ್ದು ನೆಂಟರಿಷ್ಟರ ಹುಟ್ಟುಹಬ್ಬ ಮಾತ್ರ. ದಿನಾ ಬೆಳಗ್ಗೆ ಅಲ್ಲಿ ಕೂತಾಗ ಯಾರ ಹುಟ್ಟುಹಬ್ಬ ಅಂತ ಗೊತ್ತಾಗಲಿ ಎಂದು. ಈ ಜನರಿಗೆ ಮುಚ್ಚುಮರೆ ಅನ್ನುವುದೇ ಇಲ್ಲ ಅಂತ ಮೂಗು ಮುರಿದೆ.

ಉಟ್ರೆಕ್ಟ್: ಮೊದಲ ದಿನ

ಆಸ್ಪತ್ರೆಯ ರೇಡಿಯಾಲಜಿಸ್ಟ್ ಮಾರ್ಲೀಸ್ ನನ್ನ ಗುರು. ಆರಡಿ ಎತ್ತರ, ಸೈಕಲ್ಲಿನಲ್ಲಿ ಬರುವವರು, ಕೂದಲು ಬಾಚಿದ ಗುರುತಿಲ್ಲ. ಕೈ ಕುಲುಕಿ ಮೊದಲ ಮಾತೇ, "ನಿಮ್ಮ ಸೆಂಟರ್ ಕಳಿಸಿದ ಚಿತ್ರಗಳನ್ನು ನೋಡಿದೆ. ಚೆನ್ನಾಗಿಲ್ಲ." ನೀರು ಬೇಕಾ, ಪ್ರಯಾಣ ಸುಖವಾಗಿತ್ತಾ, ಯಾವುದೂ ಇಲ್ಲ. ನಮ್ಮ ಕಡೆ ವೈರಿಗೂ ಕಾಫಿ ಕೊಟ್ಟು ಆಮೇಲೆ ಬೈಯುತ್ತೇವೆ. ನನಗೆ ಮೈಯೆಲ್ಲ ಉರಿಯಿತು.

ಅಲ್ಲಿ ಕಲಿಸುತ್ತಿದ್ದದ್ದು ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯ ಚಿತ್ರ ತೆಗೆಯುವುದನ್ನು. ಗರ್ಭಕೋಶದ ಒಳಪದರದಂಥದ್ದೇ ಇನ್ನೊಂದು, ಗರ್ಭಕೋಶದ ಹೊರಗೆ ಬೆಳೆಯುತ್ತದೆ. ತಿಂಗಳು ತಿಂಗಳು ಅದೂ ರಕ್ತ ಬಿಡುತ್ತದೆ, ಆ ರಕ್ತಕ್ಕೆ ಹೊರಗೆ ಬರಲು ದಾರಿ ಇಲ್ಲ. ಗಾಯವಾಗಿ, ಗಾಯ ಮಾಗಿ, ಒಳಗಿನ ಅಂಗಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಂತ ಚಿತ್ರದಲ್ಲಿ ಇದು ಎಷ್ಟೋ ಸಲ ಕಾಣುವುದಿಲ್ಲ. ಹಾಗಾಗಿ ಇವರು ಒಂದರ ಹಿಂದೊಂದು ಚಿತ್ರ ತೆಗೆದು ಸಿನಿಮಾದಂತೆ ಓಡಿಸಿ ನೋಡುತ್ತಾರೆ. ಆರೋಗ್ಯವಾಗಿದ್ದರೆ ಗರ್ಭಕೋಶ ಮತ್ತು ಕರುಳು ಒಂದರ ಮೇಲೊಂದು ಜಾರುತ್ತವೆ. ಕಾಯಿಲೆ ಇದ್ದರೆ ಎಣ್ಣೆ ಕಾಣದ ಹೆಂಚಿಗೆ ಹಿಡಿದ ದೋಸೆಯ ಹಾಗೆ ಅಲ್ಲಾಡುವುದೇ ಇಲ್ಲ.

ಇದು ನನಗೆ ಸುಲಭವಾಗಿ ಹತ್ತಿತು. ಮಿಷನ್ನು ನನ್ನ ಮಾತು ಕೇಳುತ್ತದೆ, ಅದರಲ್ಲಿ ನನಗೆ ಅಹಂಕಾರವೇ ಇದೆ. ಮಧ್ಯಾಹ್ನ ಊಟಕ್ಕೆ ಒಣ ಬ್ರೆಡ್ಡು, ಒಂದು ಚೂರು ಚೀಸು, ಉಪ್ಪಿಲ್ಲದ ಮಜ್ಜಿಗೆ ಕೊಟ್ಟರು. ದೊಡ್ಡ ದೊಡ್ಡ ಡಾಕ್ಟರುಗಳು ಅದನ್ನೇ ಡಬ್ಬಿಯಲ್ಲಿ ತಂದುಕೊಂಡು ಸಂತೋಷವಾಗಿ ತಿನ್ನುತ್ತಿದ್ದರು. ಮಜ್ಜಿಗೆಗೆ ಒಂದು ಚಮಚ ಚಟ್ನಿಪುಡಿ ಕದಡಿ ಕುಡಿದೆ. ಮಾರ್ಲೀಸ್ ಅರ್ಧ ಲೋಟ ಇಸಿದುಕೊಂಡು ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಇದು ಚೆನ್ನಾಗಿದೆ" ಅಂದರು. ಆವತ್ತು ಅವರ ಬಾಯಲ್ಲಿ ಬಂದ ಒಂದೇ ಒಳ್ಳೆಯ ಮಾತು ಅದು.

ಉಟ್ರೆಕ್ಟ್: ಮೂರನೇ ದಿನ

ಮೂರನೇ ದಿನ ನಿಜವಾದ ರೋಗಿ. ಫೆಮ್ಕೆ ಅಂತ, ಇಪ್ಪತ್ತೊಂಬತ್ತು ವರ್ಷದ ಶಾಲಾ ಶಿಕ್ಷಕಿ. ಸಂಶೋಧನೆಗೆ ತಾನಾಗಿ ಒಪ್ಪಿ ಬಂದಿದ್ದಳು. ಇವತ್ತು ನೀವೇ ಮಾತಾಡಿಸಿ, ನೀವೇ ಮಾಡಿ ಅಂದರು ಮಾರ್ಲೀಸ್.

ನಾನು ಫಾರಂ ಹಿಡಿದು ಕೂತೆ. ಹೆಸರು ಕೇಳಿದೆ. ವಯಸ್ಸು ಕೇಳಿದೆ. ಬಾಯಿಗೆ ತಾನಾಗಿ ಬಂತು, "ಮದುವೆ ಆಗಿದೆಯಾ?"

ಫೆಮ್ಕೆ ಪಕಪಕ ನಕ್ಕಳು. "ಯಾಕೆ, ನಿಮ್ಮ ಕಡೆ ಯಾರಾದರೂ ಗಂಡು ಇದ್ದಾನಾ?"

ನಾನೂ ನಕ್ಕೆ. ಮಾರ್ಲೀಸ್ ನಗಲಿಲ್ಲ. "ಇದನ್ನು ಯಾಕೆ ಕೇಳಿದಿರಿ?" ಅಂದರು.

"ನಮ್ಮ ಫಾರಂನಲ್ಲಿ ಇದೆ. ಎಲ್ಲರನ್ನೂ ಕೇಳ್ತೀವಿ."

"ಉತ್ತರ ಸಿಕ್ಕಿದ ಮೇಲೆ ಏನು ಮಾಡುತ್ತೀರಿ?"

ಹೇಳಿದೆ. ಮದುವೆಯಾದವರಿಗೆ ಯೋನಿಯ ಒಳಗಿನಿಂದ ಸ್ಕ್ಯಾನ್ ಮಾಡುತ್ತೇವೆ, ಎಂ.ಆರ್.ಐ.ಗೆ ಅಂಗಗಳು ಬಿಡಿಸಿ ಕಾಣಲಿ ಅಂತ ಅಲ್ಲಿ ಜೆಲ್ ಹಾಕುತ್ತೇವೆ. ಮದುವೆಯಾಗದವರಿಗೆ ಇಲ್ಲ. ಅವರಿಗೆ ಲೀಟರ್‌ಗಟ್ಟಲೆ ನೀರು ಕುಡಿಸಿ ಹೊಟ್ಟೆಯ ಮೇಲಿನಿಂದಲೇ ನೋಡುತ್ತೇವೆ.

"ಅವರಿಗೆ ಬೇಕಾ ಬೇಡವಾ ಅಂತ ಕೇಳುತ್ತೀರಾ?"

"ಇಲ್ಲ."

"ಮೇಲಿನಿಂದ ನೋಡಿದರೆ ಈ ಕಾಯಿಲೆ ಸರಿಯಾಗಿ ಕಾಣುವುದಿಲ್ಲ ಅಂತಲಾದರೂ ಹೇಳುತ್ತೀರಾ? ರಿಪೋರ್ಟ್‌ನಲ್ಲಿ ಬರೆಯುತ್ತೀರಾ?"

ಇಲ್ಲ. ನಾವು ನಾರ್ಮಲ್ ಅಂತ ಬರೆಯುತ್ತೇವೆ. ಹಾಗಂತಲೇ ಹೇಳಿದೆ. ನಮ್ಮ ಸಂಪ್ರದಾಯ ನಿಮಗೇನು ಗೊತ್ತು, ಅಲ್ಲಿ ತಾಯಂದಿರು ಜಗಳಕ್ಕೆ ಬರುತ್ತಾರೆ, ನಾಳೆ ಹುಡುಗಿಗೆ ಗಂಡು ಸಿಗದಿದ್ದರೆ ನಮ್ಮ ತಲೆಗೆ ಕಟ್ಟುತ್ತಾರೆ, ಹೀಗೆ ವಾದ ಶುರು ಮಾಡಿದೆ. ಮಾರ್ಲೀಸ್ ಪೂರ್ತಿ ಕೇಳಿಸಿಕೊಂಡು, "ಸರಿ. ಹಾಗಾದರೆ ನೋಡಿಲ್ಲ ಅಂತ ಬರೆಯಿರಿ. ನಾರ್ಮಲ್ ಅಂತ ಯಾಕೆ ಬರೆಯುತ್ತೀರಿ?" ಎಂದರು.

ಆಮೇಲೆ ಫೆಮ್ಕೆಯನ್ನು ಅವರು ಮಾತಾಡಿಸಿದರು. ನೋವು ಯಾವಾಗ, ಎಲ್ಲಿ, ಮಲವಿಸರ್ಜನೆಗೆ ಹೋದಾಗ ಇದೆಯಾ, ಮೂತ್ರಕ್ಕೆ ಹೋದಾಗ ಇದೆಯಾ, ಗಂಡಸಿನ ಜೊತೆ ಇದ್ದಾಗ ಇದೆಯಾ, ಬೆನ್ನಿನ ಪಕ್ಕೆಯಲ್ಲಿ ಇದೆಯಾ. ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳುವ ಧಾಟಿಯಲ್ಲಿ ಕೇಳಿದರು. ಹೊಟ್ಟೆಯ ಚಿತ್ರ ಬರೆದ ಹಾಳೆಯ ಮೇಲೆ ಅವಳಿಂದಲೇ ಗುರುತು ಹಾಕಿಸಿದರು. ಗುರುತು ಬಿದ್ದ ಕಡೆ ಮಿಷನ್ನಿನಲ್ಲಿ ತೆಳುವಾಗಿ, ಓರೆಯಾಗಿ, ನಿಧಾನವಾಗಿ ಚಿತ್ರ. ನಾವು ಫಾರಂನಲ್ಲಿ "ಹೊಟ್ಟೆನೋವು" ಅಂತ ಒಂದು ಪದ ಬರೆದು, ಎಲ್ಲರಿಗೂ ಒಂದೇ ಬಟನ್ ಒತ್ತಿ, ಇಪ್ಪತ್ತು ನಿಮಿಷಕ್ಕೆ ಎಬ್ಬಿಸಿ ಕಳಿಸುತ್ತೇವೆ. ಹೊರಗೆ ನಮ್ಮ ಆಯಾ ಸೆಲ್ವಿ "ನೆಕ್ಸ್ಟ್ ಯಾರು, ಸೀಕ್ರಂ ವಾಂಗಮ್ಮಾ" ಅಂತ ತಮಿಳಿನಲ್ಲಿ ಅವಸರಪಡಿಸುತ್ತಿರುತ್ತಾಳೆ.

ಅಲ್ಲಿನವರು ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಬಟ್ಟೆ ಹಾಕಿಕೊಂಡು ಬಂದ ಫೆಮ್ಕೆಯನ್ನು, ಈ ಕಾಯಿಲೆ ಇದೆ ಅಂತ ಗೊತ್ತಾಗಲು ಎಷ್ಟು ದಿನ ಹಿಡಿಯಿತು ಅಂತ ಕೇಳಿದೆ. "ದಿನ ಅಲ್ಲ, ಒಂಬತ್ತು ವರ್ಷ" ಅಂದಳು. "ಮೂವರು ಡಾಕ್ಟರು ನನಗೆ ಏನೂ ಆಗಿಲ್ಲ ಅಂದರು. ಒಬ್ಬ, ಮಗು ಮಾಡಿಕೋ, ಸರಿಹೋಗುತ್ತೆ ಅಂದ." ಕಿಟಕಿಗೆ ಪರದೆ ಹಾಕದ ಊರಿನಲ್ಲೂ ಹೆಂಗಸಿನ ಹೊಟ್ಟೆನೋವಿಗೆ ಸಿಗುವ ಮದ್ದು ಅದೇ ನೋಡಿ. ನಮ್ಮಲ್ಲಿ ಮದುವೆ ಮಾಡಿಕೋ ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಹಾಗೆ ರೇವತಿಗೆ ಅಂದವರಲ್ಲಿ ನಾನೂ ಒಬ್ಬಳು. ಹಬ್ಬದ ದಿನ ಹೋಳಿಗೆ ಲಟ್ಟಿಸುತ್ತಾ, "ಒಂದು ಮದ್ವೆ ಅಂತ ಆಗ್ಲಿ, ಎಲ್ಲ ತಾನೇ ಸರಿಹೋಗುತ್ತೆ ಕಣೇ" ಅಂದಿದ್ದೆ. ಅವಳು ಲಟ್ಟಣಿಗೆ ಇಟ್ಟು ಎದ್ದು ಹೋಗಿದ್ದಳು. ನಾನು ಅದಕ್ಕೆ ಕೋಪ ಮಾಡಿಕೊಂಡಿದ್ದೆ.

ಆ ದಿನವೂ ಪೆನ್‌ಡ್ರೈವ್ ಹೊರಗೆ ತೆಗೆಯಲಿಲ್ಲ. ಮುಖ ಇರಲಿಲ್ಲ.

ಉಟ್ರೆಕ್ಟ್: ಶುಕ್ರವಾರ

ಶುಕ್ರವಾರ ಕ್ಯಾಂಟೀನಿನಲ್ಲಿ ಯಾರದೋ ಹುಟ್ಟುಹಬ್ಬ. ಕುರ್ಚಿಗಳನ್ನು ದುಂಡಗೆ ಹಾಕಿ ಕೂತಿದ್ದರು. ಬಂದವರು ಹುಟ್ಟಿದವನಿಗೆ ಮಾತ್ರವಲ್ಲ, ಕೂತ ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳುತ್ತಾರೆ. ನನಗೂ ಹೇಳಿದರು. ನನ್ನದಲ್ಲ ಅಂತ ಮೂರು ಜನಕ್ಕೆ ತಿದ್ದಿ, ನಾಲ್ಕನೆಯವರಿಂದ ಸುಮ್ಮನೆ ತೆಗೆದುಕೊಂಡೆ. ಕೇಕಿನ ತುಂಡು ಎಷ್ಟು ತೆಳ್ಳಗಿತ್ತೆಂದರೆ ತಟ್ಟೆಯಲ್ಲಿ ನಿಲ್ಲಲಾರದೆ ಮಲಗಿತ್ತು.

ಪಕ್ಕದಲ್ಲಿ ಕೂತ ಮಾರ್ಲೀಸ್, "ಮೂರನೇ ದಿನದಿಂದ ನೀವು ಸಿಟ್ಟಿನಲ್ಲಿದ್ದೀರಿ. ನನ್ನ ಮೇಲಾ?" ಎಂದು ನೇರವಾಗಿ ಕೇಳಿದರು. ಆ ಜನರ ಈ ಗುಣ ಮೊದಲು ಚುಚ್ಚುತ್ತದೆ, ಆಮೇಲೆ ಉಪಕಾರಕ್ಕೆ ಬರುತ್ತದೆ. ಪರ್ಸ್‌ನಿಂದ ಪೆನ್‌ಡ್ರೈವ್ ತೆಗೆದು ಅವರ ತಟ್ಟೆಯ ಪಕ್ಕ ಇಟ್ಟೆ. "ನನ್ನ ನಾದಿನಿಯದು. ನಾರ್ಮಲ್ ಅಂತ ರಿಪೋರ್ಟ್ ಆಗಿದೆ. ತೆಗೆದದ್ದು ನಾನು" ಅಂದೆ. ಅವರು ಕೇಕ್ ಅಲ್ಲೇ ಬಿಟ್ಟು ಎದ್ದರು.

ಕತ್ತಲೆ ಕೋಣೆಯಲ್ಲಿ ಅವರು ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ನಾನು ಹಿಂದೆ ನಿಂತಿದ್ದೆ. ಗರ್ಭಕೋಶದ ಹಿಂಬದಿಯಲ್ಲಿ ಬೆರಳಿಟ್ಟು, "ಇಲ್ಲಿ ಕರುಳು ಎಳೆದುಕೊಂಡಿದೆ. ಚಿತ್ರ ಅಲುಗಾಡಿದೆ, ಆದರೂ ಇದು ನಾರ್ಮಲ್ ಅಲ್ಲ" ಎಂದರು. ಹನ್ನೆರಡು ವರ್ಷ. ಕುರ್ಚಿ ಎಳೆದು ಕೂತೆ.

ಅವರು ಚಿತ್ರ ಸರಿಸುತ್ತಾ ಎಡಗಡೆಯ ಇನ್ನೊಂದು ಜಾಗದಲ್ಲಿ ನಿಲ್ಲಿಸಿದರು. ಮುಂದೆ ಹೋದರು, ಹಿಂದೆ ಬಂದರು. ಮೂತ್ರಪಿಂಡದಿಂದ ಮೂತ್ರ ಇಳಿದು ಬರುವ ಕೊಳವೆ ಅದು, ಯುರೇಟರ್. ಎರಡು ಚಿತ್ರದಲ್ಲಿ ದಪ್ಪಗೆ ಕಂಡು, ಅಂಗಗಳು ಅಂಟಿಕೊಂಡ ಗಂಟಿನ ಹತ್ತಿರ ಮಾಯವಾಗುತ್ತಿತ್ತು.

"ಇದರ ಮೇಲಿನ ಚಿತ್ರಗಳು ಎಲ್ಲಿ?"

"ಇಲ್ಲ. ಸೊಂಟದ್ದು ಮಾತ್ರ ಬರೆದುಕೊಟ್ಟಿದ್ದರು."

"ಮೂತ್ರಪಿಂಡವನ್ನು ಯಾರೂ ನೋಡಿಲ್ಲವೇ? ಈ ಚಿತ್ರ ತೆಗೆದು ಎಷ್ಟು ದಿನವಾಯಿತು?"

"ಹದಿನಾಲ್ಕು ತಿಂಗಳು."

ಮಾರ್ಲೀಸ್ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದರು. "ಕೊಳವೆ ಕಟ್ಟಿಕೊಂಡರೆ ಮೂತ್ರಪಿಂಡ ಊದುತ್ತದೆ. ಎಷ್ಟೋ ಸಲ ದೊಡ್ಡ ನೋವೂ ಇಲ್ಲದೆ ಸಾಯುತ್ತದೆ. ಅವರಿಗೆ ಬೆನ್ನುನೋವು ಇದೆಯಾ?"

ಇದೆ. ಆಫೀಸಿನ ಕುರ್ಚಿ ಸರಿಯಿಲ್ಲ, ನೆಟ್ಟಗೆ ಕೂರು ಅಂತ ನಾನೇ ಹೇಳಿದ್ದೆ.

"ಇವತ್ತೇ ಮೂತ್ರಪಿಂಡ ನೋಡಿಸಿ. ಹೊಟ್ಟೆ ಮೇಲಿನ ಸಾಮಾನ್ಯ ಸ್ಕ್ಯಾನ್ ಸಾಕು, ಐದು ನಿಮಿಷ."

ಇದನ್ನು ಕೇಳಿದಾಗ ಬಂದ ಸಿಟ್ಟು ಇವತ್ತಿಗೂ ಹಾಗೇ ಇದೆ. ಹೊಸ ವಿದ್ಯೆ ಬೇಡ, ಜೆಲ್ ಬೇಡ, ಮದುವೆ ಆಗಿರಬೇಕಾಗಿಲ್ಲ. ನಮ್ಮ ಹಲಸೂರಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಮಾಡುವ ಸ್ಕ್ಯಾನ್. ಆ ಸ್ಕ್ಯಾನಿನ ಕೈಯನ್ನು ಒಂದು ಗೇಣು ಮೇಲೆ ಸರಿಸಿದ್ದರೆ ಸಾಕಿತ್ತು.

ರೈಲಿನಲ್ಲಿ

ರೇವತಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನನ್ನ ಗಂಡನಿಗೆ ಮಾಡಿದೆ, ಅವರು ಅವಳ ಆಫೀಸಿಗೆ ಮಾಡುತ್ತೇನೆ ಅಂದರು. ಕೈಕಾಲು ಆಡದೆ ರೈಲು ಹತ್ತಿ ಆಮರ್ಸ್‌ಫೋರ್ಟ್‌ಗೆ ಹೊರಟೆ. ರೈಲು ಹೊರಡುತ್ತಿದ್ದಂತೆ ಅವಳೇ ಫೋನ್ ಮಾಡಿದಳು. ನನಗೆ ಮಧ್ಯಾಹ್ನ ಎರಡು, ಅವಳಿಗೆ ಸಂಜೆ ಐದೂವರೆ.

"ಏನತ್ತಿಗೆ, ಆಫೀಸಿಗೆಲ್ಲ ಫೋನ್ ಮಾಡ್ಸಿದೀರ?"

"ರೇವತಿ, ಮೆಟ್ರೋ ಹತ್ತಿ ಹಲಸೂರಲ್ಲಿ ಇಳಿ. ಈಗ್ಲೇ. ನಮ್ಮ ಸೆಂಟರ್‌ಗೆ ಹೋಗಿ ಕಿಡ್ನಿ ಸ್ಕ್ಯಾನ್ ಮಾಡಿಸ್ಕೋ. ನಾನು ಡಾಕ್ಟ್ರಿಗೆ ಹೇಳ್ತೀನಿ."

"ಇದೆಯಾ ಅತ್ತಿಗೆ? ನಿಜವಾಗ್ಲೂ ಏನಾದ್ರೂ ಇದೆಯಾ?"

"ಇದೆ ಕಣೇ."

ಅವಳು ಅತ್ತಳು. ಕಾಯಿಲೆ ಇದೆ ಅಂತ ಕೇಳಿ ಹಗುರಾಗಿ ಅತ್ತದ್ದು ಅದು, ನನಗೆ ಗೊತ್ತಾಯಿತು.

ಎದುರಿನ ಸೀಟಿನ ಮುದುಕ ನನ್ನ ಮೊಣಕೈ ತಟ್ಟಿ ಕಿಟಕಿ ತೋರಿಸಿದ. ಗಾಜಿನ ಮೇಲೆ ಏನೋ ಬರೆದಿತ್ತು. ನಾನು ತಲೆಯಾಡಿಸಿ ಡಾಕ್ಟರಿಗೆ ಫೋನ್ ಹಚ್ಚಿದೆ.

"ಏನಮ್ಮಾ ವನಜಾ, ಹಾಲೆಂಡ್ ಹೇಗಿದೆ? ಟುಲಿಪ್ ನೋಡ್ದ್ಯಾ?"

"ಸಾರ್, ರೇವತಿ ಬರ್ತಿದಾಳೆ. ಕಿಡ್ನಿ ನೋಡಿ. ಎಡಗಡೆ ಯುರೇಟರ್ ಡೈಲೇಟ್ ಆಗಿದೆ. ನಮ್ಮ ಎಂ.ಆರ್.ಐ.ನಲ್ಲೇ ಇದೆ."

"ಅದು ನಾನೇ ರಿಪೋರ್ಟ್ ಮಾಡಿರೋದಲ್ವಾ? ನಾರ್ಮಲ್ ಇತ್ತು. ನೋಡೋಣ ಬಿಡು, ಸೋಮವಾರ ಕಳ್ಸು."

ಇಪ್ಪತ್ತೆರಡು ವರ್ಷ ಆ ಮನುಷ್ಯನ ಮುಂದೆ ನಾನು ದನಿ ಎತ್ತಿರಲಿಲ್ಲ. ಆವತ್ತು ಎತ್ತಿದೆ. "ಸೋಮವಾರ ಅಲ್ಲ ಸಾರ್, ಇವತ್ತು. ಅವಳು ಬಾಗಿಲಲ್ಲಿ ನಿಂತಿರ್ತಾಳೆ. ನೀವು ನೋಡಿಲ್ಲ ಅಂದ್ರೆ ಈ ಚಿತ್ರಾನ ನಿಮ್ಮ ರಿಪೋರ್ಟ್ ಸಮೇತ ಇಲ್ಲಿ ಎಲ್ಲರ ಮುಂದೆ ಪರದೆ ಮೇಲೆ ಹಾಕ್ತಾರೆ. ಹಾಕಿ ಅಂತ ನಾನೇ ಕೊಡ್ತೀನಿ." ಡಾಕ್ಟರು ಫೋನ್ ಇಟ್ಟರು.

ಮುದುಕ ಈಗ ಎದ್ದೇ ನಿಂತಿದ್ದ. ಮೌನದ ಬೋಗಿಯಂತೆ ಅದು. ಇಲ್ಲಿ ಯಾರೂ ಮಾತಾಡಬಾರದು, ಕಿಟಕಿಯ ಮೇಲೆ ಬರೆದಿದೆ ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಬೋಗಿಯವರೆಲ್ಲ ಪುಸ್ತಕದಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ನಮ್ಮ ಮೆಟ್ರೋದಲ್ಲಿ ಹೀಗೆ ಒಬ್ಬಳು ಕೂಗಾಡಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಏನಾಯ್ತಮ್ಮಾ ಅಂತ ಕೇಳಿ, ಇಬ್ಬರು ಡಾಕ್ಟರ ಹೆಸರು ಹೇಳಿ, ಒಬ್ಬರು ನೀರಿನ ಬಾಟಲಿ ಕೊಟ್ಟಿರುತ್ತಿದ್ದರು. ನಾನು ಆ ಮುದುಕನಿಗೆ ಶುದ್ಧ ಕನ್ನಡದಲ್ಲಿ, "ಸುಮ್ಮನಿದ್ದೂ ಸುಮ್ಮನಿದ್ದೂ ಅವಳ ಕಿಡ್ನಿ ಹೋಗ್ತಾ ಇದೆ ಕಣಯ್ಯಾ, ಇನ್ನೂ ಸುಮ್ಮನಿರು ಅಂತೀಯಾ" ಎಂದೆ. ಅವನಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಮುಖ ನೋಡಿ ಏನೋ ಅನ್ನಿಸಿರಬೇಕು, ತನ್ನ ಚೀಲ ತೆಗೆದುಕೊಂಡು ಮುಂದಿನ ಬೋಗಿಗೆ ಹೋದ. ಪಾಪ, ಅವನದೇನೂ ತಪ್ಪಿರಲಿಲ್ಲ.

ಆಮರ್ಸ್‌ಫೋರ್ಟ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ ಸೆಂಟರ್‌ನಿಂದ ವಾಟ್ಸಾಪಿನಲ್ಲಿ ಚಿತ್ರ ಬಂತು. ಎಡ ಮೂತ್ರಪಿಂಡ ಊದಿಕೊಂಡು, ಅಂಚು ತೆಳ್ಳಗಾಗಿತ್ತು. ಮುಂದಿನ ರೈಲು ಬಂದು ಹೋಯಿತು, ಅದರ ಮುಂದಿನದೂ ಹೋಯಿತು. ನಾನು ಎದ್ದಿರಲಿಲ್ಲ.

ಉಳಿದ ದಿನಗಳು

ತಕ್ಷಣ ಹೊರಟು ಬರುತ್ತೇನೆ ಅಂದೆ. ರೇವತಿ ಒಪ್ಪಲಿಲ್ಲ. ಶನಿವಾರ ಬೆಳಗ್ಗೆಯೇ ಅವಳನ್ನು ಆಸ್ಪತ್ರೆಗೆ ಸೇರಿಸಿ, ಕಟ್ಟಿಕೊಂಡ ಕಡೆ ಒಂದು ತೆಳು ಕೊಳವೆ ತೂರಿಸಿ ಮೂತ್ರ ಇಳಿಯುವ ಹಾಗೆ ಮಾಡಿದ್ದರು. ಗಂಟು ತೆಗೆಯುವ ದೊಡ್ಡ ಆಪರೇಷನ್ ಆಮೇಲೆ. ಅದಕ್ಕೆ ಮೊದಲು ಒಳಗೆ ಎಲ್ಲೆಲ್ಲಿ ಅಂಟಿಕೊಂಡಿದೆ ಅನ್ನುವುದರ ಸರಿಯಾದ ಚಿತ್ರ ಬೇಕು ಅಂತ ಸರ್ಜನ್ ಹೇಳಿದ್ದರು.

"ನೀವು ಬಂದು ಪಕ್ಕದಲ್ಲಿ ಕೂತು ಏನ್ ಮಾಡ್ತೀರ? ಕಲ್ತ್ಕೊಂಡ್ ಬನ್ನಿ" ಅಂದಳು.

ಕಲಿತೆ. ಆ ದಿನಗಳಲ್ಲಿ ನಾನು ಕಲಿತ ಹಾಗೆ ಓದುವ ವಯಸ್ಸಿನಲ್ಲಿ ಕಲಿತಿದ್ದರೆ ನಾನೇ ಡಾಕ್ಟರಾಗಿರುತ್ತಿದ್ದೆ. ಕರುಳಿನ ಅಲುಗಾಟ ನಿಲ್ಲಿಸುವ ಇಂಜೆಕ್ಷನ್ ಯಾವ ನಿಮಿಷಕ್ಕೆ, ಓರೆ ಎಷ್ಟು, ಉಸಿರು ಹಿಡಿಸುವುದು ಯಾವಾಗ, ಕೊನೆಯಲ್ಲಿ ಎರಡೂ ಮೂತ್ರಪಿಂಡ ಬರುವ ಹಾಗೆ ಒಂದು ಚಿತ್ರ, ಎಲ್ಲ ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಕಾಲುವೆ, ಹಳೇ ಗೋಪುರ ತೋರಿಸುತ್ತೇವೆ ಅಂತ ಕರೆದವರಿಗೆ ಬರುವುದಿಲ್ಲ ಅಂದೆ. ಊರು ನೋಡಲಿಲ್ಲ. ಸೈಕಲ್ ಹಾದಿಯಲ್ಲಿ ತಿಳಿಯದೆ ನಡೆದು ದಿನಕ್ಕೆರಡು ಸಲ ಗಂಟೆ ಬಡಿಸಿಕೊಂಡು ಬೈಸಿಕೊಂಡದ್ದೇ ನನ್ನ ಊರು ನೋಡಿದ ಅನುಭವ. ಹೊರಡುವ ದಿನ ಮಾರ್ಲೀಸ್ ಅಪ್ಪಿಕೊಳ್ಳಲಿಲ್ಲ, ಕೈ ಕುಲುಕಿ, "ಈಗ ನಿಮ್ಮ ಚಿತ್ರಗಳು ಚೆನ್ನಾಗಿವೆ" ಎಂದರು. ಉಳಿದ ಚಟ್ನಿಪುಡಿ ಅವರಿಗೇ ಕೊಟ್ಟು ಬಂದೆ.

ಹಲಸೂರು

ಬಂದ ಮೂರನೇ ದಿನ ರೇವತಿಯನ್ನು ಸೆಂಟರ್‌ಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಕೋಣೆಗೆ ಕರೆದರು. "ನೋಡಮ್ಮಾ, ದಿನಕ್ಕೆ ಎಷ್ಟು ಕೇಸು. ರಿಪೋರ್ಟ್ ಮೊದಲೇ ಟೈಪ್ ಆಗಿರುತ್ತೆ, ನಾವು ಹೆಸರು ಬದಲಾಯಿಸ್ತೀವಿ. ಹೇಗೋ ಒಂದು ತಪ್ಪಿಹೋಯ್ತು" ಅಂದರು. ಒಂದು ಅಂತ ಅವರಿಗೆ ಹೇಗೆ ಗೊತ್ತು? ಮದುವೆಯಾಗದ ಎಷ್ಟು ಹುಡುಗಿಯರನ್ನು ನಾನೇ ಮಲಗಿಸಿ ಎಬ್ಬಿಸಿದ್ದೇನೆ, ಅವರೆಲ್ಲ ನಾರ್ಮಲ್ ಅನ್ನುವ ಹಾಳೆ ಹಿಡಿದು ಎಲ್ಲಿ ಮುದುರಿ ಮಲಗಿದ್ದಾರೋ. "ಹಳೇ ಚಿತ್ರ ಎಲ್ಲ ತೆಗೆಸಿ ಇನ್ನೊಂದ್ಸಲ ನೋಡ್ಬೇಕು ಸಾರ್" ಅಂದೆ. "ಅದೆಲ್ಲ ಆಗೋ ಮಾತಾ?" ಅಂದರು. ಆಗುವವರೆಗೆ ದಿನಾ ಕೇಳುತ್ತೇನೆ ಅಂತ ಹೇಳಿ ಬಾಗಿಲು ಹಾಕಿಕೊಂಡು ಬಂದೆ. ಕೇಳುತ್ತಲೇ ಇದ್ದೇನೆ. ಇಲ್ಲಿಯವರೆಗೆ ಹಳೇ ಚಿತ್ರಗಳ ಸಿ.ಡಿ. ತುಂಬಿದ ಒಂದು ಡಬ್ಬಿಯನ್ನು ಅಟ್ಟದಿಂದ ಕೆಳಗಿಳಿಸಿದ್ದಾರೆ.

ರೇವತಿಯ ಎದುರು ಹಾಳೆ ಹಿಡಿದು ಕೂತೆ. ಎಲ್ಲಿ, ಯಾವಾಗ, ಹೇಗೆ ಅಂತ ಒಂದೊಂದೇ ಕೇಳಿದೆ. ಜೆಲ್ ಹಾಕುತ್ತಾರೆ, ಯಾಕೆ ಅಂತ ಹೇಳಿ, ಬೇಕಾ ಅಂತ ಕೇಳಿದೆ. "ಹಾಕ್ಸಿ. ಯಾರೂ ಇದುವರೆಗೂ ಕೇಳೇ ಇರ್ಲಿಲ್ಲ" ಅಂದಳು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಸೆಲ್ವಿ ಎರಡು ಸಲ ಬಾಗಿಲು ತಟ್ಟಿ, ನನ್ನ ಮುಖ ನೋಡಿ ಹೋದಳು. ಚಿತ್ರದಲ್ಲಿ ಗರ್ಭಕೋಶ, ಕರುಳು, ಎಡ ಅಂಡಾಶಯ ಮೂರೂ ಒಂದೇ ಮುದ್ದೆಯಾಗಿ ನಿಂತಿದ್ದವು. ಜಾರಲಿಲ್ಲ, ಅಲ್ಲಾಡಲಿಲ್ಲ. ಎಡ ಮೂತ್ರಪಿಂಡದಲ್ಲಿ ಅರ್ಧಕ್ಕಿಂತ ಕಡಿಮೆ ಜೀವ ಉಳಿದಿದೆ ಅಂತ ಬೇರೆ ಪರೀಕ್ಷೆಯಲ್ಲಿ ಆಗಲೇ ಬಂದಿತ್ತು. ಹೋದದ್ದು ವಾಪಸ್ಸು ಬರುವುದಿಲ್ಲ ಅಂದಿದ್ದರು.

ಮನೆಗೆ ಮೆಟ್ರೋದಲ್ಲಿ ಹೊರಟೆವು. ಒಂದೇ ಸೀಟು ಸಿಕ್ಕಿತು. ಅವಳನ್ನು ಕೂರಿಸಿ ನಾನು ಕಂಬಿ ಹಿಡಿದು ನಿಂತೆ. ಡಾಕ್ಟರನ್ನು, ಫಾರಂನವರನ್ನು, ಟೈಪ್ ಮಾಡಿಟ್ಟ ರಿಪೋರ್ಟನ್ನು ಬಾಯಿಗೆ ಬಂದಂತೆ ಬೈಯುತ್ತಾ ಬಂದೆ. 

"ಆ ಮಾರ್ಲೀಸ್ ಹೇಳಿರ್ಲಿಲ್ಲ ಅಂದಿದ್ರೆ ಏನ್ ಗತಿ? ಮೊದಲ ದಿನಾನೇ ತೋರ್ಸಿದ್ರೂ ಆಗಿರೋದು, ನಾನು ಐದು ದಿನ ಪರ್ಸಲ್ಲೇ ಇಟ್ಕೊಂಡಿದ್ದೆ" ಅಂದೆ.

"ಐದು ದಿನ ಬಿಡಿ ಅತ್ತಿಗೆ" ಅಂದಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

"ಯಾರೋ ಹೇಳಿದ್ರೆ ನಂಬೋಕೆ ಅಷ್ಟು ದೂರ ಹೋದ್ರಿ. ನಾನು ಹನ್ನೆರಡು ವರ್ಷ ಪಕ್ಕದ ರೂಮಲ್ಲೇ ಇದ್ನಲ್ಲಾ."